ತೂತಿಲ್ಲದ ಗೂಡುಗಳು

ಹಾಸ್ಟೆಲ್, ಕನಕಪುರ
11-9-2025, ಗುರುವಾರ

ನನ್ನ ಮುದ್ದಿನ ಅವ್ವನಿಗೆ, ಭಾನು ಮಾಡುವ ನಮಸ್ಕಾರ.

ಭಾನುವಾರ ಫೋನಿನಲ್ಲಿ ಇದೆಲ್ಲ ಹೇಳಲಾಗುವುದಿಲ್ಲ. ವಾರ್ಡನ್ ಮೇಡಂ ಪಕ್ಕದಲ್ಲೇ ನಿಂತು, ಎರಡು ನಿಮಿಷಕ್ಕೆಲ್ಲ "ಸಾಕು, ಇಡಮ್ಮ" ಅನ್ನುತ್ತಾರೆ. ಅದಕ್ಕೇ ಈ ಕಾಗದ.

ಗೌರಿ ಹಬ್ಬಕ್ಕೆ ಬಂದಾಗ ರೇಷ್ಮೆಗೂಡು ಬೇಕು ಅಂದಿದ್ದೆನಲ್ಲ, ಯಾಕೆ ಅಂತ ನೀನು ಕೇಳಲೇ ಇಲ್ಲ. ನಮ್ಮ ವಿಜ್ಞಾನದ ದೇವರಾಜು ಸರ್ ಸ್ಮಾರ್ಟ್ ಬೋರ್ಡಿನಲ್ಲಿ ಒಂದು ವಿಡಿಯೋ ಹಾಕಿದ್ದರು. ಗೂಡಿನಿಂದ ಚಿಟ್ಟೆ ಬರುವುದು ಅದರಲ್ಲಿ ಬರೀ ಆರು ಸೆಕೆಂಡು. ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. ನಾನು ಎದ್ದು, ಅಷ್ಟು ಗಟ್ಟಿ ಗೂಡನ್ನು ಅದು ಹೇಗೆ ಸೀಳುತ್ತೆ ಸರ್ ಅಂತ ಕೇಳಿದೆ. ಸರ್ ನಕ್ಕು, "ನಾನೂ ಕಣ್ಣಾರೆ ಕಂಡಿಲ್ಲ ಕಣಮ್ಮ, ನೋಡೇ ಬುಡಾಣ" ಅಂದರು. ಶಾಲೆಯ ಟ್ಯಾಬನ್ನೇ ಕೊಟ್ಟುಬಿಟ್ಟರು! ಹತ್ತು ನಿಮಿಷಕ್ಕೊಂದು ಫೋಟೋ ತಾನೇ ತೆಗೆದುಕೊಳ್ಳುತ್ತದೆ, ಆಮೇಲೆ ಜೋಡಿಸಿ ಓಡಿಸಬಹುದು.

ನೀನು ಡಬ್ಬಿಯಲ್ಲಿ ಹತ್ತು ಗೂಡು ಹಾಕಿ, "ಒಂದರಲ್ಲೂ ತೂತಿಲ್ಲ, ಕಲೆಯಿಲ್ಲ, ಆರಿಸಿ ಆರಿಸಿ ಮಡಗಿವ್ನಿ, ಜೋಪಾನ" ಅಂದೆ. ಅವುಗಳ ಮುಂದೆ ಹನ್ನೆರಡು ದಿನ ಟ್ಯಾಬ್ ನಿಲ್ಲಿಸಿದೆವು. ಯಾವತ್ತೂ ತಡವಾಗಿ ಬರುವ ಬಾಲರಾಜು ಕೂಡ ಗಂಟೆ ಹೊಡೆಯುವ ಮುಂಚೆ ಓಡಿಬಂದು "ಬಂತಾ? ಬಂತಾ?" ಅಂತ ಕೇಳುತ್ತಿದ್ದ. ಏನೂ ಬರಲಿಲ್ಲ. ಸಾವಿರದ ಏಳುನೂರು ಫೋಟೋ ಅವ್ವ, ಎಲ್ಲವೂ ಒಂದೇ ಥರ!

ಸೋಮವಾರ ಸರ್ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು, ಬ್ಲೇಡಿನಲ್ಲಿ ಕೊಯ್ದರು. ಒಳಗೆ ಒಣಗಿದ ಹುಳ. "ಇದು ಆವಿ ಕೊಟ್ಟಿರೋ ಗೂಡು ಕಣಮ್ಮ, ಹುಳ ಆಗಲೇ ಸತ್ತೈತೆ. ನಿಮ್ಮ ಹುಳದ ಮನೆಯಿಂದ ತಂದಿವ್ನಿ ಅಂದಿದ್ಯಲ್ಲ?" ಅಂದರು. ಇಡೀ ಕ್ಲಾಸು ಗೊಳ್ಳೆಂದಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೌದು ಅವ್ವ, ನಾನು ಸುಳ್ಳು ಹೇಳಿದ್ದೆ. ನಮಗೆ ಹಿಪ್ಪುನೇರಳೆ ತೋಟವಿದೆ, ಹುಳ ಸಾಕುತ್ತೇವೆ ಅಂತ. ನೀನು ನಜೀರ್ ಸಾಬರ ಫಿಲೇಚರ್ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ಬಿಚ್ಚುತ್ತೀಯ ಅಂತ ಹೇಳಿರಲಿಲ್ಲ. ನಿನ್ನದೇನೂ ತಪ್ಪಿಲ್ಲ. ಒಳ್ಳೆಯ ಗೂಡು ಅಂದರೆ ನಿನಗೆ ಆವಿ ಕಂಡ, ತೂತಾಗದ ಗೂಡೇ. ತೂತಾದರೆ ಎಳೆ ತುಂಡಾಗುತ್ತದಲ್ಲ.

ಅಳುತ್ತಲೇ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, ಸರ್ ಬಿಸಿನೀರು ತರಿಸಿ ಉಳಿದ ಒಂಬತ್ತನ್ನೂ ಅದರಲ್ಲಿ ಹಾಕಿ, ಯಾರಾದರೂ ಎಳೆ ತೆಗೆಯಿರಿ ನೋಡೋಣ ಅಂದರು. ಟ್ಯಾಬಿನಲ್ಲಿ ನೂಲು ಬಿಚ್ಚುವ ವಿಡಿಯೋ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಯಾರಿಗೂ ತುದಿ ಸಿಗಲಿಲ್ಲ, ಬರೀ ಉಂಡೆ ಉಂಡೆ ಬಂತು. ಸರ್‌ಗೂ ಆಗಲಿಲ್ಲ. "ಇದು ನಿಮ್ಮವ್ವಂಗೇ ಗೊತ್ತು. ಅವ್ರನ್ನೇ ಕರೆಸಮ್ಮ" ಅಂದರು.

ನಮ್ಮ ಕ್ಲಾಸಿನ ಉಯ್ಯಂಬಳ್ಳಿಯ ರಮ್ಯಾಳ ಮನೆಯಲ್ಲಿ ನಿಜವಾಗಿಯೂ ಹುಳ ಸಾಕುತ್ತಾರೆ. ಅವರಪ್ಪ ಮೊನ್ನೆ ಜೀವಂತ ಗೂಡು ತಂದುಕೊಟ್ಟರು. ಇಪ್ಪತ್ತನೇ ತಾರೀಕು ಶನಿವಾರ, ಪೋಷಕರ ಸಭೆಯ ದಿನದ ಹೊತ್ತಿಗೆ ಚಿಟ್ಟೆ ಬರಬಹುದಂತೆ. ಅದಕ್ಕೆ ಹಲ್ಲಿಲ್ಲ, ಬಾಯಿಂದ ಒಂದು ರಸ ಬಿಟ್ಟು ಎಳೆ ಸಡಿಲ ಮಾಡಿಕೊಂಡು ಬರುತ್ತದೆ ಅಂತ ಪುಸ್ತಕದಲ್ಲಿದೆ. ಹದಿನೆಂಟು ವರ್ಷದಿಂದ ಲಕ್ಷಾಂತರ ಗೂಡು ಬಿಚ್ಚಿದ್ದೀಯಲ್ಲ, ಒಂದಾದರೂ ಚಿಟ್ಟೆ ಹೊರಗೆ ಬಂದಿದ್ದು ನೋಡಿದ್ದೀಯಾ ಅವ್ವ? ನಾವಿಬ್ಬರೂ ಒಟ್ಟಿಗೆ ನೋಡೋಣ. ನಜೀರ್ ಸಾಬರ ಹತ್ತಿರ ಒಂದು ದಿನ ರಜೆ ಕೇಳು. ರಾಮನಗರದಿಂದ ಬೆಳಗಿನ ಬಸ್ಸಿಗೇ ಹೊರಟುಬಿಡು.

ನಿನ್ನ ಮಗಳು,
ಭಾನುಪ್ರಿಯ

ಮರೆತ ಮಾತು: ಜುಲೈ ತಿಂಗಳ ಸಭೆ ರದ್ದಾಗಿದೆ, ಬರಬೇಡ ಅಂದಿದ್ದೆನಲ್ಲ, ಅದು ರದ್ದಾಗಿರಲಿಲ್ಲ. ನಿನ್ನ ಕೈಗೆ ಅಂಟಿರುವ ಬೆಂದ ಹುಳದ ವಾಸನೆ ಎಲ್ಲರಿಗೂ ಗೊತ್ತಾಗುತ್ತದೆ ಅಂತ ಹೆದರಿದ್ದೆ. ಎಲ್ಲರ ಅವ್ವಂದಿರೂ ಬಂದಿದ್ದರು, ನಾನು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದೆ. ಮರೆತ ಮಾತು ಅಂತ ಬರೆದೆ, ಒಂದು ದಿನವೂ ಮರೆತಿಲ್ಲ. ಬಾ ಅವ್ವ.