ತಿರುಗಿ ಹೋದ ವರದಿ

ಗುರುವಾರ, ಜುಲೈ 17. ಸಿಂದಗಿ.

ಗುಂಡವ್ವನ ಗಡ್ಡೆಯ ವರದಿ ಇಲ್ಲದೆ ನಾಳಿನ ಆಪರೇಷನ್ ಆಗುವುದಿಲ್ಲ. ಸೋಲಾಪುರದ ಲ್ಯಾಬಿನವರು ಅದನ್ನು ನಿನ್ನೆಯೇ ಮೇಲ್ ಮಾಡಿದ್ದಾರೆ. ಕಳ್ಳ ಮೇಲ್ ತಡೆಯುವ ನಮ್ಮ ಆಸ್ಪತ್ರೆಯ ಸ್ಪ್ಯಾಮ್ ಫಿಲ್ಟರ್ ಅದನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದೆ.

ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಕಾರಣ ಸಂಜೆ ಸಿಕ್ಕಿತು. ಮೇಲ್ ಬಂದಾಗಲೆಲ್ಲ ಫಿಲ್ಟರ್, ಕಳ್ಳ ಮೇಲ್ ಕಳಿಸುವವರ ಕಪ್ಪುಪಟ್ಟಿ ಇಟ್ಟವರನ್ನು ‘ಇವ ಕಳ್ಳನೇನು?’ ಎಂದು ಕೇಳುತ್ತದೆ. ಆ ಪ್ರಶ್ನೆ ಇಂಟರ್ನೆಟ್ ವಿಳಾಸ ಹುಡುಕಿಕೊಡುವ, ಎಲ್ಲರೂ ಬಳಸುವ ಸಾರ್ವಜನಿಕ ಡಿಎನ್‌ಎಸ್ ಮೂಲಕ ಹೋಗುತ್ತಿತ್ತು. ‘ಆ ಡಿಎನ್‌ಎಸ್ ಕೈಲಿ ಹೇಳಿ ಕಳಿಸಬೇಡ, ನೀನೇ ಬಂದು ಕೇಳು’ ಎಂದು ಪಟ್ಟಿಯವರು ಗದರಿದರೆ, ನಮ್ಮ ಶಾಣ್ಯಾ ಫಿಲ್ಟರಪ್ಪ ಅದನ್ನೇ ‘ಹೌದು, ಕಳ್ಳ’ ಎಂದುಕೊಂಡಿದ್ದಾನೆ. ನಾನು ಆಸ್ಪತ್ರೆಗೆ ಸ್ವಂತ ಡಿಎನ್‌ಎಸ್ ಹಚ್ಚಿದೆ, ಮೇಲ್‌ಗಳು ಬರತೊಡಗಿದವು.

“ಹಂಗಾರ ವರದಿ ಬಂತೇನ್ರಿ?” ಡಾಕ್ಟರ್ ನಿಷತ ಕೇಳಿದರು.

“ಇಲ್ರೀ ಮೇಡಂ, ಲ್ಯಾಬಿನವ್ರು ಮತ್ತ ಕಳಿಸಬೇಕು. ಫೋನ್ ಎತ್ತವಲ್ರು.”

ಹೊರಗೆ ಗುಂಡವ್ವ ನನ್ನ ಕೈ ಹಿಡಿದಳು. “ನಂದು ಬಂತೇನೋ ಯಪ್ಪಾ?”

“ಹಾದ್ಯಾಗ ಐತಿ, ಯವ್ವಾ” ಅಂದುಬಿಟ್ಟೆ. ಅದು ಸೋಲಾಪುರದಿಂದ ಇನ್ನೂ ಮತ್ತೆ ಹೊರಟೇ ಇಲ್ಲ.