ತಟ್ಟೆಯ ಅಕ್ಕಿ

ಅಪ್ಪಾ,

ನೀನು ಹೋದ ಮೇಲೆ ಹೇಳಲು ಉಳಿದದ್ದು ಇಷ್ಟೇ. ಇವತ್ತು ಧನಕವಡಿಯ ಮನೆಯಲ್ಲಿ ನನ್ನ ಮೊಮ್ಮಗಳ ನಾಮಕರಣವಾಯಿತು. ಅಳಿಯ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಮಗುವಿನ ಹೆಸರು ಬರೆದ. ಮಗಳು ಶ್ರದ್ಧಾ ಹಟ ಹಿಡಿದು ತನ್ನ ತವರಿನ ಅಡ್ಡಹೆಸರನ್ನೂ ಸೇರಿಸಿದಳು: ಅಪೇಕ್ಷಾ ಶಿತೋಳೆ-ಪಾಸಲ್ಕರ.

“ಇದೇನ್ ಹೆಸರೋ, ರೈಲೋ? ತೊಟ್ಟಿಲದಾಗ ಹಿಡಿಸ್ತದೇನ?” ಎಂದು ನಿನ್ನ ತಂಗಿ ಚನ್ನಬಸವ್ವ ಎಲ್ಲರನ್ನೂ ನಗಿಸಿದಳು. ಆಮೇಲೆ ನನ್ನ ಕೈ ಹಿಡಿದು, “ಇರ್ಲಿ ಬಿಡವಾ, ತಾಯಿ ಕಡೀ ಹೆಸರು ಉಳೀತು,” ಎಂದಳು.

ಶಿತೋಳೆ ನನ್ನ ಗಂಡನ ಮನೆಯ ಹೆಸರು. ಅದು ಅವಳಿಗೂ ಗೊತ್ತು. ನಾನು ತಲೆಯಾಡಿಸಿದೆ.

ಎಲ್ಲರೂ ಹೋದ ಮೇಲೆ ಅಕ್ಕಿಯನ್ನು ಸಮ ಮಾಡಿ, ಬೆರಳಿನಿಂದ ನಮ್ಮ ಮನೆತನದ ಹೆಸರು ಬರೆದೆ: ಬೆಲ್ಲದ. ಅಷ್ಟರಲ್ಲಿ ಶ್ರದ್ಧಾ ಹಸಿವೆಂದಳು. ಅದೇ ಅಕ್ಕಿ ತೊಳೆದು ಅನ್ನಕ್ಕಿಟ್ಟೆ.