ಕತ್ತರಿ ಕಂಡ ಕಾಗದದ ಹೂ

ಭಾನುವಾರ ಮಧ್ಯಾಹ್ನ,
ಹೊಲಿಗೆಗೆ ರಜೆ

ಮುನಿಸಿಕೊಂಡು ಹೋದ ಮಹಾರಾಯರಿಗೆ,

ನಿಮ್ಮ ಕಾಗದದ ಹೂವಿನ ಗಿಡ ಒಯ್ಯಲು ನಿಮ್ಮ ಭಾವ ಬೆಳಿಗ್ಗೆ ವ್ಯಾನು ತಂದಿದ್ದರು. ಬರಿಗೈಯಲ್ಲಿ ವಾಪಸಾದರು. ಪಾಪ, ಅವರ ಮೇಲೆ ರೇಗಬೇಡಿ.

ಗಿಡ ಬದುಕಿದೆಯಾ ಎಂದು ಕೇಳಿದ್ದೀರಂತೆ. ಬದುಕುವುದೇನು ಬಂತು, ಮೈತುಂಬ ಹೂ! ರವಿಕೆ ಹೊಲಿಸಲು ಬಂದವರು ಅಳತೆ ಕೊಡುವುದು ಬಿಟ್ಟು ಕಿಟಕಿಯಲ್ಲಿ ಇಣುಕುತ್ತಾರೆ. ಅದೂ ಎಲ್ಲಿ ಅಂತೀರಿ? ನಾನು ಕತ್ತರಿಸಿದ ಕೊಂಬೆಗಳೇ ಚಿಗುರಿ, ಆ ಚಿಗುರಿನ ತುದಿಗಳಲ್ಲೇ. ನನಗಂತೂ ಹೇಳತೀರದ ಖುಷಿ.

ನಾಲ್ಕು ತಿಂಗಳ ಹಿಂದೆ, ಆ ದಿನ ನೀವೇನಂದಿರಿ? "ನಿಂಗೆ ಕತ್ತರಿಸೋದು ಬಿಟ್ಟು ಬೇರೇನು ಬರುತ್ತೆ?" ಅಂದವರೇ ಚೀಲ ಹಿಡಿದು ನಿಮ್ಮಕ್ಕನ ಮನೆಗೆ ನಡೆದಿರಿ. ಆ ಗಿಡ ಕಿಟಕಿಯನ್ನು ಪೂರ್ತಿ ಮುಚ್ಚಿ, ನನಗೆ ಸೂಜಿಯ ಕಣ್ಣೇ ಕಾಣದಂತಾಗಿತ್ತು. ಹೇಳಿ ಹೇಳಿ ಸಾಕಾಗಿ ಕತ್ತರಿ ಎತ್ತಿದೆ. ಗಿಡಕ್ಕಾಗಿ ಹೆಂಡತಿಯನ್ನು ಬಿಟ್ಟು ಹೋದ ಗಂಡ ಎಂದು ಓಣಿಯೆಲ್ಲ ನಗುತ್ತದೆ. ನಾನೂ ನಗುತ್ತೇನೆ, ಒಬ್ಬಳೇ ಊಟಕ್ಕೆ ಕೂರುವಾಗ ಮಾತ್ರ ಆಗುವುದಿಲ್ಲ.

ನೀವು ಬೆಳಿಗ್ಗೆ ಸಂಜೆ ಚೆಂಬು ಚೆಂಬು ನೀರು ಸುರಿದು ಮುದ್ದು ಮಾಡಿದಿರಿ, ಅದು ಬರೀ ಎಲೆ ಬಿಟ್ಟು ಕೊಬ್ಬಿತು. ನೀವು ಹೋದ ಸಿಟ್ಟಿಗೆ ನಾನು ನೀರೇ ಹಾಕಲಿಲ್ಲ. ಎಲೆ ಜೋತುಬಿದ್ದ ಮೇಲೆ ಅಯ್ಯೋ ಅನ್ನಿಸಿ ಒಂದು ಚೆಂಬು ಹಾಕಿದೆ. ಕೆಲವೇ ದಿನಕ್ಕೆ ಮೊಗ್ಗು! ಈಗ ಮಣ್ಣಿಗೆ ಬೆರಳಿಟ್ಟು, ಒಣಗಿದ್ದರೆ ಮಾತ್ರ ನೀರು. ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ.

ಇನ್ನು ಕುಂಡದ ವಿಷಯ. ನಿಮ್ಮ ಭಾವ ಎಷ್ಟು ಜಗ್ಗಿದರೂ ಅಲುಗಲಿಲ್ಲ. ಬಗ್ಗಿ ನೋಡಿದರೆ, ಬೇರು ತಳದ ತೂತಿನಿಂದ ಇಳಿದು ಅಂಗಳದ ಸಿಮೆಂಟಿನ ಬಿರುಕಿನೊಳಗೆ ನೆಲ ಹಿಡಿದಿದೆ. ಇದರ ಬೇರು ಬಲು ಸೂಕ್ಷ್ಮ, ಕಿತ್ತರೆ ಗಿಡ ಹೋದ ಹಾಗೆಯೇ. "ಬೇರು ಕತ್ತರಿಸ್ಲೇನಮ್ಮ?" ಎಂದು ಕೇಳಿದರು. "ಈ ಮನೇಲಿ ಕತ್ತರಿಸೋಳು ನಾನೊಬ್ಳೇ ಅಣ್ಣಾ. ಇದಕ್ಕೆ ಮಾತ್ರ ನಂಗೂ ಕೈ ಬರಲ್ಲ" ಎಂದೆ. ಅವರು ನೀರು ಕುಡಿದು ಹೊರಟರು.

ಗಿಡ ಬೇಕಿದ್ದರೆ ಗಿಡ ಇರುವಲ್ಲಿಗೆ ನೀವೇ ಬನ್ನಿ. ನನಗೆ ನೀವು ಬೇಕು. ಸುತ್ತಿ ಬಳಸಿ ಹೇಳುವುದು ನನಗೆ ಗೊತ್ತಿಲ್ಲ. ಆದರೆ ಚೆಂಬು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೇ ಒಳಗೆ ಬರಬೇಕು.

ಇಂತಿ,
ಕತ್ತರಿ ಕೆಳಗಿಡದ ನಿಮ್ಮವಳು

ತಾ.ಕ.: ಬೇರು ನೆಲಕ್ಕಿಳಿಯಬಾರದೆಂದು ಕುಂಡದ ಕೆಳಗೆ ನೀವು ತಟ್ಟೆ ಇಟ್ಟಿದ್ದಿರಲ್ಲ? ನೀವು ಹೋದ ಮಾರನೇ ಬೆಳಿಗ್ಗೆಯೇ ಅದನ್ನು ತೆಗೆದು, ಕುಂಡವನ್ನು ಆ ಬಿರುಕಿನ ಮೇಲೆ ಎಳೆದಿಟ್ಟವಳು ನಾನೇ. ನಿಮ್ಮ ಭಾವನಿಗೆ ಹೇಳಲಿಲ್ಲ.